ಎರಡನೆಯ ಕಣ್ಣು

ಕಳೆದ ತಿಂಗಳು ಈ ಪುಟದಲ್ಲಿ ಮನೆಯ ಜಮಾಖರ್ಚಿನ ಪುಸ್ತಕವನ್ನು ಕುರಿತು ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿದ ಗೃಹಿಣಿಯೊಬ್ಬರು ನಂಜನಗೂಡಿನಿಂದ ಕಾಗದ ಬರೆದು, "ಜಮಾಖರ್ಚನ್ನು ಹೇಗಾದರೂ ಸರಿದೂಗಿಸಿಕೊಳ್ಳುತ್ತೇವೆ, ಕೋಣೆಯ ಬಾಗಿಲು ಹಾಕಿಕೊಂಡು ದಿನವೆಲ್ಲ ಗಣಕಯಂತ್ರದ ಮುಂದೆ ಒಬ್ಬನೇ ಕುಳಿತಿರುವ ಮಗನನ್ನು ಏನು ಮಾಡೋಣ? ಅವನು ಮಾಡುವ ಕೆಲಸ ನಮಗೆ ತಿಳಿಯದು. ಅವನ ಕಷ್ಟವೂ ತಿಳಿಯದು. ಇದರ ವಿಷಯವಾಗಿ ಏನಾದರೂ ಬರೆಯಿರಿ" ಎಂದು ಕೇಳಿದ್ದಾರೆ. ಈ ಪ್ರಶ್ನೆ ಈಗ ಅವರೊಬ್ಬರ ಮನೆಯದಲ್ಲ. ಆದುದರಿಂದ ಈ ತಿಂಗಳ ಮಾತನ್ನು ಅದಕ್ಕೇ ಮೀಸಲಿಡುತ್ತೇನೆ.

ಇದನ್ನು ಕುರಿತು ಮಾತಾಡುವ ಅಧಿಕಾರ ನನಗೆ ಬಂದದ್ದು ವಿದ್ಯೆಯಿಂದಲ್ಲ, ನಂಟಿನಿಂದ. ನನ್ನ ತಂಗಿಯ ಮಗನೊಬ್ಬ ತಿರುಮಕೂಡಲು ನರಸೀಪುರದಲ್ಲಿದ್ದಾನೆ. ಅವನದು ನಕ್ಷೆಯ ಕೆಲಸ. ಕಾಗದದ ಮೇಲೆ ನಕ್ಷೆಯನ್ನು ಬರೆಯುವವನಲ್ಲ. ನಕ್ಷೆಯನ್ನು ತೋರಿಸುವ ತಂತ್ರಾಂಶವನ್ನು, ಎಂದರೆ ಗಣಕಯಂತ್ರವು ನಡೆಯಬೇಕಾದ ಕ್ರಮದ ಬರಹವನ್ನು, ರಚಿಸುವವನು. ನಮ್ಮ ಕೈಯ ಫೋನಿನಲ್ಲಿ ಊರಿನ ದಾರಿ ಕಾಣುತ್ತದೆ, ಹೊಲದ ಸರ್ವೆ ನಂಬರು ಕಾಣುತ್ತದೆ. ಅಂಥವುಗಳ ಹಿಂದಿರುವ ಕೆಲಸವಿದು ಎಂದರೆ ಸಾಕು. ಅವನಿಗೆ ಸಂಬಳ ಕೊಡುವುದು ನಗರದ ಒಂದು ಸಣ್ಣ ಕಂಪನಿ; ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಲೆಕ್ಕ ಬರೆಯುವವರಿದ್ದಾರೆ, ಗಿರಾಕಿಗಳೊಡನೆ ಮಾತಾಡುವವರಿದ್ದಾರೆ, ಬೇರೆ ಬಗೆಯ ತಂತ್ರಾಂಶ ಮಾಡುವವರೂ ಇದ್ದಾರೆ. ನಕ್ಷೆಯ ವಿದ್ಯೆಯನ್ನು ಬಲ್ಲವನು ಮಾತ್ರ ಇವನೊಬ್ಬನೇ. 2020ರ ಸಾಂಕ್ರಾಮಿಕದ ಕಾಲದಲ್ಲಿ ಊರಿಗೆ ಬಂದವನು ಮತ್ತೆ ಹಿಂದಿರುಗಲಿಲ್ಲ, ಕಂಪನಿಯೂ ಕರೆಯಲಿಲ್ಲ.

ಹಿಂದೆ ಇಂಥ ಕೆಲಸ ತಾಲ್ಲೂಕು ಊರುಗಳಿಗೆ ಬರುವಂತಿರಲಿಲ್ಲ. ನಕ್ಷೆಯೆಂಬುದು ಬಹುಮಟ್ಟಿಗೆ ಸರ್ಕಾರದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ವಸ್ತುವಾಗಿತ್ತು. ಖಾಸಗಿಯವರು ಅಳತೆ ಮಾಡಿ ನಕ್ಷೆ ತಯಾರಿಸುವುದಕ್ಕೆ ಅನೇಕ ಅಪ್ಪಣೆಗಳು ಬೇಕಾಗಿದ್ದುವು. 2021ರ ಫೆಬ್ರವರಿ 15ರಂದು ಭಾರತ ಸರ್ಕಾರವು ಈ ಕಟ್ಟುಗಳನ್ನು ಬಹಳವಾಗಿ ಸಡಿಲಿಸಿತು. ಅದಕ್ಕೆ ಮುಂಚೆಯೇ, 2020ರಲ್ಲಿ, ಹಳ್ಳಿಗಳ ಮನೆ ನಿವೇಶನಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆಯೂ ಆರಂಭವಾಗಿತ್ತು. ನಮ್ಮ ರಾಜ್ಯದಲ್ಲಿ ಪಹಣಿಗಳು ಇಪ್ಪತ್ತು ವರ್ಷಕ್ಕೂ ಹಿಂದೆಯೇ ಭೂಮಿ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿವೆ. ಹೀಗೆ ನಕ್ಷೆಯ ಕೆಲಸ ಹೆಚ್ಚಿತು; ಒಂದು ಲ್ಯಾಪ್‌ಟಾಪು, ಒಂದು ಇಂಟರ್‌ನೆಟ್ ತಂತಿ ಇದ್ದರೆ ಸಂಗಮದ ದಡದಲ್ಲಿ ಕುಳಿತು ಅದನ್ನು ಮಾಡಬಹುದೆಂದಾಯಿತು. ಕೆಲಸ ಮನೆಗೆ ಬಂದದ್ದು ಸಂತೋಷವೇ. ಆದರೆ ಕೆಲಸದ ಜೊತೆಯವರು ಮನೆಗೆ ಬರಲಿಲ್ಲ.

ಹೋದ ವರ್ಷದ ಆಷಾಢದಲ್ಲಿ ನಾನು ತಂಗಿಯ ಮನೆಗೆ ಹೋಗಿದ್ದೆ. ಆಗ ಹುಡುಗನ ಕೈಯಲ್ಲಿದ್ದುದು ಬಹಳ ಹೊಣೆಯ ಕೆಲಸ. ಕಪಿಲಾ ನದಿಗೆ ಪ್ರವಾಹ ಬಂದಾಗ ಯಾವ ಯಾವ ಬೀದಿಯ ಯಾವ ಯಾವ ಮನೆಗಳಿಗೆ ಮೊದಲು ಸುದ್ದಿ ಮುಟ್ಟಿಸಬೇಕೆಂಬುದನ್ನು ತೋರಿಸುವ ನಕ್ಷೆಯನ್ನು ಅವನು ಸಿದ್ಧಗೊಳಿಸುತ್ತಿದ್ದ. ಈ ಸೀಮೆಯವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. 2018ರಲ್ಲಿಯೂ 2019ರಲ್ಲಿಯೂ ಕಬಿನಿ ಜಲಾಶಯದಿಂದ ಹೆಚ್ಚು ನೀರು ಹೊರಟಾಗ ನಂಜನಗೂಡಿನ ತಗ್ಗಿನ ಭಾಗಗಳಿಗೆ ಹೊಳೆ ನುಗ್ಗಿತ್ತು. ಮೈಸೂರಿನ ಹೆದ್ದಾರಿಯ ಮೇಲೆ ನೀರು ನಿಂತು ಸಂಚಾರವೇ ಕೆಟ್ಟಿತ್ತು. ನಂಜನಗೂಡನ್ನು ದಾಟಿದ ನೀರು ಸುತ್ತೂರಿನ ಮೇಲೆ ಹರಿದು ನರಸೀಪುರಕ್ಕೆ ಬಂದು ಕಾವೇರಿಯನ್ನು ಕೂಡುತ್ತದೆ. ಆದಕಾರಣ ಎರಡು ಊರಿನ ನಕ್ಷೆಯೂ ಒಂದೇ ತಂತ್ರಾಂಶದಲ್ಲಿ ಬರಬೇಕಾಗಿತ್ತು. ನಂಜನಗೂಡಿನ ಭಾಗವನ್ನು ಮುಗಿಸಿ ಎರಡು ವಾರದ ಹಿಂದೆಯೇ ಕಂಪನಿಗೆ ಒಪ್ಪಿಸಿದ್ದ. ನರಸೀಪುರದ ಭಾಗ ಮುಗಿಯುತ್ತಲಿತ್ತು.

ಸಂಜೆ ಅವನ ಅಜ್ಜಿ, ಎಂದರೆ ನನ್ನ ತಂಗಿಯ ಅತ್ತೆ, ಕಾಫಿಯ ಲೋಟ ಹಿಡಿದು ಕೋಣೆಗೆ ಹೋದರು. ನಾನೂ ಹಿಂದೆಯೇ ಹೋದೆ. ಆಕೆ ಲೋಟವನ್ನಿಟ್ಟು, ಕನ್ನಡಕವನ್ನು ಸರಿಮಾಡಿಕೊಂಡು, ಪರದೆಯನ್ನು ನೋಡಿದರು.

"ಲೋ ಮಗು, ಇದು ನಮ್ಮ ಸಂಗಮವೇನೋ?"

"ಹೌದಜ್ಜಿ. ಇದು ಕಾವೇರಿ, ಇದು ಕಪಿಲೆ."

"ಹಾಗಾದರೆ ಅಗಸ್ತ್ಯೇಶ್ವರನನ್ನು ಯಾತಕ್ಕೋ ಹೊಳೆಯ ನೀರಿನಲ್ಲಿ ಕೂರಿಸಿದ್ದೀಯೆ? ನಾನು ಮದುವೆಯಾಗಿ ಈ ಊರಿಗೆ ಬಂದು ಅರುವತ್ತು ವರ್ಷವಾಯಿತು. ಸ್ವಾಮಿ ದಡದ ಮೇಲೆಯೇ ಇದ್ದಾನಪ್ಪ."

ಹುಡುಗ ನಕ್ಕ. ಆಮೇಲೆ ನೋಡಿದ. ನೋಡುತ್ತಿದ್ದ ಹಾಗೆಯೇ ಅವನ ಮುಖ ಬಿಳಿಚಿಕೊಂಡಿತು.

ಆದದ್ದೇನೆಂಬುದನ್ನು ಅವನು ಆ ರಾತ್ರಿ ನನಗೆ ತಿಳಿಸಿ ಹೇಳಿದ. ನನಗೆ ತಿಳಿದಮಟ್ಟಿಗೆ ವಾಚಕರಿಗೆ ಹೇಳುತ್ತೇನೆ. ಭೂಮಿ ಗುಂಡಗಿದೆಯೆನ್ನುತ್ತೇವೆ, ಆದರೆ ಅದು ಚೆಂಡಿನ ಹಾಗೆ ಗುಂಡಗಿಲ್ಲ, ಧ್ರುವಗಳ ಕಡೆಗೆ ಕೊಂಚ ಅದುಮಿದಂತಿದೆ. ಎಷ್ಟು ಅದುಮಿದೆಯೆಂಬುದನ್ನು ನಿಶ್ಚಯಿಸಿಕೊಂಡ ಹೊರತು ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಬರೆಯಲಾಗುವುದಿಲ್ಲ. ನಮ್ಮ ದೇಶದ ಮೋಜಣಿಗಾಗಿ ಜಾರ್ಜ್ ಎವರೆಸ್ಟ್ ಎಂಬಾತ 1830ರಲ್ಲಿ ಒಂದು ಆಕಾರವನ್ನು ಲೆಕ್ಕ ಹಾಕಿದ. ಅದು ಹಿಂದೂಸ್ಥಾನದ ನೆಲಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳೆಲ್ಲ ಆ ಲೆಕ್ಕದಲ್ಲಿವೆ. ಈಚಿನ ಉಪಗ್ರಹಗಳ ಲೆಕ್ಕವಾದರೋ 1984ರಲ್ಲಿ ಇಡೀ ಜಗತ್ತಿಗೆಂದು ನಿಶ್ಚಯಿಸಿದ ಬೇರೊಂದು ಆಕಾರದ್ದು. ಹಿಂದೆ ನಮ್ಮ ಸೀಮೆಯಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಅಳತೆಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಇಬ್ಬರು ಅಂಗಡಿಯವರೂ ಸೇರೆಂದೇ ಹೇಳುವರು. ಕೊಡುವ ಅಕ್ಕಿ ಮಾತ್ರ ಬೇರೆ. ಹಾಗೆಯೇ ಒಂದೇ ದೇವಸ್ಥಾನಕ್ಕೆ ಎರಡು ಲೆಕ್ಕದಲ್ಲಿ ಎರಡು ಅಂಕಿ. ಇದು ಯಾವ ಸೇರೆಂದು ಕೇಳದೆ ಒಂದರ ಮೇಲೊಂದನ್ನು ಹಾಸಿದರೆ ಕೆಲವು ನೂರು ಅಡಿ ವ್ಯತ್ಯಾಸ ಬೀಳುತ್ತದೆ. ಹುಡುಗನು ಹೊಳೆಯ ದಡವನ್ನು ಹಳೆಯ ಹಾಳೆಯಿಂದ ತೆಗೆದುಕೊಂಡಿದ್ದ. ಮನೆಗಳನ್ನೂ ಗುಡಿಗಳನ್ನೂ ಉಪಗ್ರಹದ ಚಿತ್ರದಿಂದ ತೆಗೆದುಕೊಂಡಿದ್ದ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಒಂದು ಸಾಲು ಅವನ ಬರಹದಲ್ಲಿ ಬಿಟ್ಟುಹೋಗಿತ್ತು. ಒಂದೇ ಸಾಲು.

ಅದರ ಪರಿಣಾಮವನ್ನು ಯೋಚಿಸಿ. ನಂಜನಗೂಡಿನ ನಕ್ಷೆಯಲ್ಲಿಯೂ ಇದೇ ತಪ್ಪು. ಅಲ್ಲಿ ಕಪಿಲೆಯನ್ನು ಕೌಂಡಿನಿ ಬಂದು ಕೂಡುವ ಕಡೆ, ನದಿಯ ಅಂಚಿನ ಮನೆಗಳು ಪಟ್ಟಿಯಿಂದ ಬಿಟ್ಟುಹೋಗಿ, ದಿಣ್ಣೆಯ ಮೇಲಿನ ಮನೆಗಳು ಸೇರಿಕೊಂಡಿದ್ದುವು. ಪುಣ್ಯಕ್ಕೆ ಆ ನಕ್ಷೆ ಇನ್ನೂ ಉಪಯೋಗಕ್ಕೆ ಬಂದಿರಲಿಲ್ಲ. ಬಂದಿದ್ದರೆ, ನಡುರಾತ್ರಿಯಲ್ಲಿ ಬಾಗಿಲು ತಟ್ಟಿ ಎಬ್ಬಿಸಬೇಕಾದವರನ್ನು ಮಲಗಿರಲು ಬಿಟ್ಟು, ಬೇರೆಯವರನ್ನು ಎಬ್ಬಿಸಿದಂತಾಗುತ್ತಿತ್ತು.

"ಇದನ್ನು ಅಲ್ಲಿ ಯಾರೂ ನೋಡಲಿಲ್ಲವೇನಪ್ಪ?" ಎಂದು ಕೇಳಿದೆ.

"ನೋಡಿದರು ಮಾವ. ಬಣ್ಣಗಳು ಚೆನ್ನಾಗಿವೆಯೆಂದು ಬರೆದರು. ನರಸೀಪುರದ್ದು ಎಂದು ಬರುತ್ತದೆಯೆಂದು ಕೇಳಿದರು. ಅದಕ್ಕಿಂತ ಹೆಚ್ಚು ನೋಡುವುದಕ್ಕೆ ಅವರಿಗೆ ಬರುವುದಿಲ್ಲ. ತಪ್ಪು ಮಾಡಿದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ತಪ್ಪು ಯಾರೂ ಮಾಡುತ್ತಾರೆ. ಅಜ್ಜಿ ಈ ದಿನ ಕಾಫಿ ತರದೆ ಇದ್ದಿದ್ದರೆ ಇದು ಹೀಗೆಯೇ ಹೋಗುತ್ತಿತ್ತಲ್ಲ, ಅದನ್ನು ನೆನೆದರೆ ಎದೆ ನಡುಗುತ್ತದೆ."

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ಒಬ್ಬನೇ ಕೆಲಸ ಮಾಡುವವನ ಕಷ್ಟವೆಂದರೆ ಬೇಸರ, ಮಾತಿಗೆ ಜನವಿಲ್ಲದಿರುವುದು ಎಂದು ನಾವು ತಿಳಿಯುತ್ತೇವೆ. ಅದು ಮೇಲಿನ ಕಷ್ಟ. ಒಳಗಿನ ಕಷ್ಟ ಬೇರೆ. ತನ್ನ ಕೆಲಸ ಸರಿಯೋ ತಪ್ಪೋ ಎಂಬುದನ್ನು ಹೇಳಬಲ್ಲ ಇನ್ನೊಂದು ಕಣ್ಣು ಇಲ್ಲವೆಂಬ ಭಯ ಅವನನ್ನು ಹಗಲೂ ರಾತ್ರಿಯೂ ತಿನ್ನುತ್ತಿರುತ್ತದೆ. ಮೆಚ್ಚಿಕೆ ಬಂದರೂ ಅದನ್ನು ನಂಬಲಾರ. ಆಕ್ಷೇಪಣೆ ಬಾರದಿದ್ದರೂ ನಂಬಲಾರ.

ಅಳತೆಯ ವಿದ್ಯೆಯ ಚರಿತ್ರೆಯನ್ನು ನೋಡಿದರೆ, ಈ ಕೆಲಸವನ್ನು ನಮ್ಮ ಹಿರಿಯರು ಒಂಟಿಯಾಗಿ ಎಂದೂ ಮಾಡಿಸಿದವರಲ್ಲವೆಂಬುದು ತಿಳಿಯುತ್ತದೆ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ, ಆ ಯುದ್ಧಕ್ಕೆ ಬಂದಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಈ ದೇಶವನ್ನು ತ್ರಿಕೋಣಗಳಿಂದ ಅಳೆಯುವ ಕಾರ್ಯವನ್ನು ಕೈಗೊಂಡ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿಯ ಒಂದು ರೇಖೆಯನ್ನು ಸರಪಳಿಯಿಂದ ಅಳೆಯುವುದಕ್ಕೆ 57 ದಿನ ಹಿಡಿಯಿತು. ಅಲ್ಲಿಂದ ತ್ರಿಕೋಣದ ಮೇಲೆ ತ್ರಿಕೋಣವನ್ನು ಹೆಣೆಯುತ್ತ ಬೆಂಗಳೂರಿನ ತನಕ ಲೆಕ್ಕವನ್ನು ತಂದ. ಲೆಕ್ಕದಿಂದಲೇ ಬೆಂಗಳೂರಿನ ಹತ್ತಿರದ ಒಂದು ರೇಖೆಯ ಉದ್ದ ಇಷ್ಟೆಂದು ಹೇಳಬಹುದಾಗಿತ್ತು. ಆದರೂ ಅವನು ಅಷ್ಟಕ್ಕೆ ತೃಪ್ತನಾಗದೆ, 1804ರಲ್ಲಿ ತನ್ನ ಸಹಾಯಕನಾದ ವಾರನ್ ಎಂಬಾತನಿಂದ ಆ ರೇಖೆಯನ್ನು ನೆಲದ ಮೇಲೆ ಮತ್ತೆ ಅಳೆಯಿಸಿದ. ಏಳು ಮೈಲಿಗೂ ಮಿಕ್ಕಿದ್ದ ಆ ರೇಖೆಯಲ್ಲಿ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಮೆ. ಲ್ಯಾಂಬ್ಟನ್ನನ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ತನ್ನ ಲೆಕ್ಕವನ್ನು ಇನ್ನೊಬ್ಬರ ಕೈಯಿಂದ ಪರೀಕ್ಷೆ ಮಾಡಿಸಿಕೊಂಡ ಆ ವಿನಯ.

ಹಾಗೆಂದು ಏಕಾಂತವೇ ಕೆಟ್ಟದ್ದೆಂದು ಅರ್ಥವಲ್ಲ. ಇದೇ ಲ್ಯಾಂಬ್ಟನ್ನನ ಭಾರಿಯಾದ ಕೋನಮಾಪಕ ಯಂತ್ರವು 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಕಿತ್ತು ಗೋಡೆಗೆ ಬಡಿದು ಸೊಟ್ಟಗಾಯಿತು. ಅವನು ಒಂದು ಡೇರೆಯೊಳಗೆ ಸೇರಿಕೊಂಡು, ಕೆಲವು ಕುಶಲಕರ್ಮಿಗಳ ಹೊರತು ಯಾರನ್ನೂ ಒಳಕ್ಕೆ ಬಿಡದೆ, ಆರು ವಾರ ಕುಳಿತು ಅದನ್ನು ಮೊದಲಿನ ರೂಪಕ್ಕೆ ತಂದ. ಮನಸ್ಸಿಟ್ಟು ಮಾಡುವ ಕೆಲಸಕ್ಕೆ ಏಕಾಂತ ಬೇಕೇ ಬೇಕು. ಮಾಡಿದ ಕೆಲಸವನ್ನು ತಾಳೆ ನೋಡುವುದಕ್ಕೆ ಜೊತೆ ಬೇಕು. ಮೊದಲನೆಯದನ್ನು ನಮ್ಮ ಹುಡುಗರು ಮನೆಯಲ್ಲಿ ಪಡೆದಿದ್ದಾರೆ. ಎರಡನೆಯದೇ ಅವರಿಗೆ ಇಲ್ಲ.

ನಮ್ಮ ಹಳ್ಳಿಯ ಮೋಜಣಿಯನ್ನೇ ನೋಡಿರಿ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ 1863ರಲ್ಲಿ ಪ್ರಾರಂಭವಾಯಿತು. 33 ಅಡಿಯ ಸರಪಳಿ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಎಕರೆ. ಮೋಜಣಿದಾರನು ಹೊಲಕ್ಕೆ ಬಂದರೆ ಸರಪಳಿ ಹಿಡಿಯಲು ಬಾಂದು ಜವಾನ ಇರುತ್ತಿದ್ದ. ಪಟೇಲ ಶಾನುಭೋಗರು ನಿಂತಿರುತ್ತಿದ್ದರು. ಅಕ್ಕಪಕ್ಕದ ಹಿಡುವಳಿದಾರರಂತೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬಾಂದು ಕಲ್ಲು ಒಂದು ಮೊಳ ಆಚೆ ಹೋದರೆ ಕೂಗೇಳುತ್ತಿತ್ತು. ಜಗಳಗಳೂ ಆಗುತ್ತಿದ್ದುವು, ನಿಜ. ಆದರೆ ಆ ಜಗಳದ ಕಣ್ಣುಗಳೇ ನಕ್ಷೆಯನ್ನು ಕಾಯುತ್ತಿದ್ದುವು. ಇವೊತ್ತು ಆ ಎಲ್ಲ ಕಣ್ಣುಗಳ ಸ್ಥಾನದಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ, ಇಪ್ಪತ್ತೆಂಟು ವರ್ಷದ ಒಬ್ಬ ಹುಡುಗ ಇದ್ದಾನೆ.

ನಿಜವಾಗಿಯೂ ಒಂಟಿಯಾಗಿ ನಡೆದವರ ನಿದರ್ಶನವೂ ಉಂಟು. ಹಿಮಾಲಯದ ಸೀಮೆಯ ನೈನ್ ಸಿಂಗ್ ಎಂಬ ಪಂಡಿತನು 1865ರಲ್ಲಿ ಹೊರಟು, ಹೊರಗಿನವರಿಗೆ ಪ್ರವೇಶವಿಲ್ಲದಿದ್ದ ಟಿಬೆಟ್ಟನ್ನು ಮಾರುವೇಷದಲ್ಲಿ ಹೊಕ್ಕು, 1866ರ ಜನವರಿಯಲ್ಲಿ ಲ್ಹಾಸಾ ನಗರವನ್ನು ಸೇರಿದ. ಮೈಲಿಗೆ ಎರಡು ಸಾವಿರದಂತೆ ಹೆಜ್ಜೆಯನ್ನು ಅಳೆದಿಡುತ್ತ, ಎಣಿಕೆಗಾಗಿ ಜಪಮಾಲೆಯಲ್ಲಿ 108ಕ್ಕೆ ಬದಲಾಗಿ 100 ಮಣಿಗಳನ್ನು ಪೋಣಿಸಿಕೊಂಡಿದ್ದ. ಇಂಥ ಒಂಟಿ ಕೆಲಸಗಾರ ಇನ್ನಾರು? ಆದರೂ ಅವನನ್ನು ಕಳುಹುವುದಕ್ಕೆ ಮುಂಚೆ ಮೋಜಣಿ ಇಲಾಖೆಯವರು ಡೆಹ್ರಾಡೂನಿನಲ್ಲಿ ಬಹುಕಾಲ ಶಿಕ್ಷಣ ಕೊಟ್ಟಿದ್ದರು. ಅವನು ಗುಪ್ತವಾಗಿ ಬರೆದು ತಂದ ಅಂಕಿಗಳನ್ನು ಎದುರುನೋಡುತ್ತ, ಅವುಗಳನ್ನು ಲೆಕ್ಕಕ್ಕೆ ಹಚ್ಚಿ ತಾಳೆ ನೋಡುವ ಜನ ಅಲ್ಲಿ ಇದ್ದರು. ಅವನು ದಾರಿಯಲ್ಲಿ ಒಬ್ಬನಾಗಿದ್ದ, ಕೆಲಸದಲ್ಲಿ ಒಬ್ಬನಾಗಿರಲಿಲ್ಲ. ನಮ್ಮ ಹುಡುಗನ ಸ್ಥಿತಿ ಇದಕ್ಕೆ ವಿಪರೀತ. ಅವನ ಸುತ್ತ ತಾಯಿ, ಅಜ್ಜಿ, ನೆರೆಹೊರೆ ಎಲ್ಲರೂ ಇದ್ದಾರೆ. ಕೆಲಸದಲ್ಲಿ ಮಾತ್ರ ಅವನೊಬ್ಬನೇ.

ಇದಕ್ಕೆ ಉಪಾಯವಿಲ್ಲವೆ ಎಂದರೆ ಉಂಟು. ಅದಕ್ಕೆ ಇದೇ ವೃತ್ತಿಯಲ್ಲಿ ಒಂದು ನಿದರ್ಶನವಿದೆ. ನಮ್ಮ ಹುಡುಗನೇ ನನಗೆ ಹೇಳಿದ್ದು. ಅವನು ದಿನವೂ ಉಪಯೋಗಿಸುವ ಕ್ಯೂ.ಜಿ.ಐ.ಎಸ್. ಎಂಬ ನಕ್ಷೆಯ ತಂತ್ರಾಂಶವನ್ನು 2002ರಲ್ಲಿ ಪ್ರಾರಂಭಿಸಿದವನು ಅಮೆರಿಕದ ಅಲಾಸ್ಕಾ ಪ್ರಾಂತದ ಗ್ಯಾರಿ ಶರ್ಮನ್ ಎಂಬ ಒಬ್ಬನೇ ಮನುಷ್ಯ. ತನ್ನ ಗಣಕಯಂತ್ರದಲ್ಲಿ ನಕ್ಷೆಗಳನ್ನು ನೋಡುವುದಕ್ಕೆ ತಕ್ಕ ಸಾಧನ ಸಿಕ್ಕದೆ, ತಾನೇ ಒಂದನ್ನು ಬರೆಯತೊಡಗಿದ. ಆದರೆ ಬರೆದುದನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿಲ್ಲ. ಯಾರು ಬೇಕಾದರೂ ನೋಡಲಿ, ಉಪಯೋಗಿಸಲಿ, ತಿದ್ದಲಿ ಎಂದು ಅದೇ ವರ್ಷ ಲೋಕಕ್ಕೆ ತೆರೆದಿಟ್ಟ. ಒಬ್ಬೊಬ್ಬರಾಗಿ ಬೇರೆ ಬೇರೆ ದೇಶಗಳವರು ಬಂದು ಸೇರಿದರು. ಅದರ ಮೊದಲನೆಯ ಪೂರ್ಣ ಆವೃತ್ತಿ ಹೊರಬಂದದ್ದು 2009ರಲ್ಲಿ. ಇಂದು ಎಷ್ಟೋ ದೇಶಗಳ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಅದು ಬಳಕೆಯಲ್ಲಿದೆ. ಹಾಗೆಯೇ 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಲೋಕನಕ್ಷೆಯಲ್ಲಿ ಯಾವ ಊರಿನವರಾದರೂ ತಮ್ಮ ಬೀದಿಯನ್ನು ತಾವೇ ಬರೆಯಬಹುದು, ಒಬ್ಬರು ಬರೆದುದನ್ನು ಇನ್ನೊಬ್ಬರು ತಿದ್ದಬಹುದು. ಒಂಟಿಯಾಗಿ ತೊಡಗಿದವನು ಒಂಟಿಯಾಗಿಯೇ ಉಳಿಯಬೇಕೆಂಬ ನಿಯಮವಿಲ್ಲ. ತನ್ನ ಕೆಲಸವನ್ನು ತೋರಿಸುವುದಕ್ಕೆ ನಾಚದವನಿಗೆ ಜೊತೆ ದೊರೆಯುತ್ತದೆ.

ಇಷ್ಟು ಪೀಠಿಕೆಯಾದ ಮೇಲೆ, ಕಾಗದ ಬರೆದ ತಾಯಿಗೂ ಅಂಥ ಮನೆಗಳವರಿಗೂ ನನಗೆ ತೋರಿದ ಕೆಲವು ಸೂಚನೆಗಳನ್ನು ಹೇಳುತ್ತೇನೆ.

ಮೊದಲನೆಯದು, ಮನೆಯಲ್ಲಿ ಕುಳಿತವನು ಬಿಡುವಾಗಿದ್ದಾನೆಂಬ ಭಾವನೆಯನ್ನು ಬಿಡಬೇಕು. ಹಾಲು ತರುವುದಕ್ಕೆ, ಗ್ಯಾಸಿನ ಸಿಲಿಂಡರು ಬಂದಾಗ ಬಾಗಿಲು ತೆಗೆಯುವುದಕ್ಕೆ, ನೆಂಟರನ್ನು ಬಸ್ಸು ಹತ್ತಿಸುವುದಕ್ಕೆ ಅವನನ್ನೇ ಕರೆಯುವುದು ನಮ್ಮ ಪದ್ಧತಿಯಾಗಿಬಿಟ್ಟಿದೆ. ಲೆಕ್ಕದ ನಡುವೆ ಎದ್ದುಹೋಗಿ ಬಂದವನಿಗೆ ಒಂದು ಸಾಲು ಬಿಟ್ಟುಹೋಗುವುದು ಆಶ್ಚರ್ಯವಲ್ಲ. ನನ್ನ ತಂಗಿಯ ಮನೆಯಲ್ಲಿ ಆ ದಿನ ಎಷ್ಟು ಬಾರಿ ಅವನನ್ನು ಕೂಗಿದರೆಂಬುದನ್ನು ನಾನೇ ಎಣಿಸಿದ್ದೆ: ಏಳು ಬಾರಿ. ಅದರಲ್ಲಿ ಎರಡು ಬಾರಿ ಕೂಗಿದವನು ನಾನು.

ಎರಡನೆಯದು, ದಿನಕ್ಕೊಮ್ಮೆ, ಊಟದ ಹೊತ್ತಿನಲ್ಲಾಗಲಿ ಸಂಜೆಯಾಗಲಿ, "ಈ ದಿನ ಏನು ಮಾಡಿದೆ? ನಮಗೆ ತಿಳಿಯುವಂತೆ ಹೇಳು" ಎಂದು ಕೇಳಬೇಕು. ನಮಗೆ ಪೂರ್ತಿ ತಿಳಿಯಬೇಕೆಂಬುದಿಲ್ಲ. ತಿಳಿಯದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವಾಗ, ಹೇಳುವವನಿಗೇ ತನ್ನ ಯೋಚನೆಯ ಹರಕು ಕಾಣಿಸುವುದುಂಟು. ಪಾಠ ಹೇಳಿದ ಎಲ್ಲರಿಗೂ ಇದರ ಅನುಭವವಿದೆ.

ಮೂರನೆಯದು ಕೆಲಸ ಮಾಡುವವನಿಗೇ ಸೇರಿದ್ದು. ಹಿಂದಿನ ಮೋಜಣಿದಾರರು ಹೊಲದಲ್ಲಿಯೇ ಟಿಪ್ಪಣಿ ಬರೆಯುತ್ತಿದ್ದರು. ತಪ್ಪಾದರೆ ಅಳಿಸದೆ, ಗೀಟು ಹೊಡೆದು ಪಕ್ಕದಲ್ಲಿ ಬರೆಯುವುದು ಅಳತೆಗಾರರ ನಡವಳಿಕೆ. ಅಂಥ ಒಂದು ಪುಸ್ತಕ ಪ್ರತಿಯೊಬ್ಬ ಒಂಟಿ ಕೆಲಸಗಾರನ ಬಳಿಯಲ್ಲಿಯೂ ಇರಬೇಕು: ಯಾವ ಹಾಳೆ ಎಲ್ಲಿಂದ ಬಂತು, ಅದು ಯಾವ ಲೆಕ್ಕದ್ದು, ಈ ದಿನ ಏನು ಬದಲಾಯಿಸಿದೆ, ಏಕೆ ಬದಲಾಯಿಸಿದೆ. ನಿನ್ನೆಯ ತಾನೇ ಇಂದಿನ ತನಗೆ ಜೊತೆಗಾರನಾಗುವ ಉಪಾಯವಿದು. ಕಳೆದ ತಿಂಗಳ ಜಮಾಖರ್ಚಿನ ಮಾತು ಇಲ್ಲಿಯೂ ಸಲ್ಲುತ್ತದೆ.

ನಾಲ್ಕನೆಯದು, ಸಾಕ್ಷಿ ನಿಲ್ಲುವ ಸ್ಥಳಗಳನ್ನು ಗೊತ್ತುಮಾಡಿಕೊಳ್ಳುವುದು. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಕಲ್ಲುಸೇತುವೆಯಿದೆ, ಶ್ರೀಕಂಠೇಶ್ವರನ ಗೋಪುರವಿದೆ, ನರಸೀಪುರದಲ್ಲಿ ಗುಂಜಾ ನರಸಿಂಹನ ಗುಡಿಯಿದೆ, ಆಚೆಯ ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನಿದ್ದಾನೆ. ಇವು ಅಲ್ಲಾಡುವುವಲ್ಲ. ಯಾವ ನಕ್ಷೆಯನ್ನೇ ಆಗಲಿ ಒಪ್ಪಿಸುವುದಕ್ಕೆ ಮುಂಚೆ, ಇಂಥ ನಾಲ್ಕು ಸ್ಥಳಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿವೆಯೇ ಎಂದು ನೋಡಬೇಕು. ಊರನ್ನು ಬಲ್ಲ ಒಬ್ಬರಿಗೆ ತೋರಿಸಬೇಕು. ಅಜ್ಜಿಗೆ ಉಪಗ್ರಹದ ಲೆಕ್ಕ ತಿಳಿಯದು. ಸ್ವಾಮಿ ಎಲ್ಲಿದ್ದಾನೆಂಬುದು ತಿಳಿಯುತ್ತದೆ.

ಐದನೆಯದೇ ಮುಖ್ಯವಾದದ್ದು. ಮನೆಯವರು ಇಷ್ಟೆಲ್ಲ ಮಾಡಿದರೂ, ಅದು ಕಂಪನಿಯ ಕರ್ತವ್ಯಕ್ಕೆ ಬದಲಾಗಲಾರದು. ಅಜ್ಜಿಗೆ ಸಂಬಳವಿಲ್ಲ, ಅಜ್ಜಿಯ ಕಣ್ಣಿಗೆ ಎಲ್ಲ ತಪ್ಪೂ ಕಾಣುವುದೂ ಇಲ್ಲ. ಗುಡಿ ಹೊಳೆಗೆ ಬಿದ್ದದ್ದು ಕಂಡಿತು. ಲೆಕ್ಕದ ಒಳಗಿನ ಸೂಕ್ಷ್ಮವಾದ ತಪ್ಪಾಗಿದ್ದರೆ ಕಾಣುತ್ತಿರಲಿಲ್ಲ. ಜನರ ಪ್ರಾಣಕ್ಕೆ ಸಂಬಂಧಪಟ್ಟ ನಕ್ಷೆಯನ್ನು ಒಬ್ಬನ ಕೈಯಿಂದ ಬರೆಯಿಸಿ, ಎರಡನೆಯವರಿಗೆ ತೋರಿಸದೆ ಹೊರಗೆ ಕಳುಹುವ ಸಂಸ್ಥೆ ಮಿತವ್ಯಯ ಮಾಡುತ್ತಿಲ್ಲ. ತನ್ನ ಖರ್ಚನ್ನು ಹೊಳೆಯ ದಡದ ಬಡವರ ಲೆಕ್ಕಕ್ಕೆ ಬರೆಯುತ್ತಿದೆ. ಆದುದರಿಂದ ಒಂಟಿ ಕೆಲಸಗಾರನು, ಕೆಲಸ ಹೋದೀತೆಂಬ ಭಯವನ್ನು ಕೊಂಚ ಬದಿಗಿಟ್ಟು, "ನನ್ನ ಕೆಲಸವನ್ನು ಪರೀಕ್ಷಿಸುವವರೊಬ್ಬರು ಬೇಕು" ಎಂದು ಬಾಯಿಬಿಟ್ಟು, ಬರವಣಿಗೆಯಲ್ಲಿ, ಕೇಳಬೇಕು. ಹಾಗೆ ಕೇಳುವುದು ಅಸಮರ್ಥತೆಯ ಗುರುತಲ್ಲ. ಲ್ಯಾಂಬ್ಟನ್ನನು ಕೇಳಿದ್ದೂ ಅದನ್ನೇ.

ಹುಡುಗನು ಆ ರಾತ್ರಿ ನಿದ್ರೆ ಮಾಡಲಿಲ್ಲ. ಬೆಳಗಾಗುವುದರೊಳಗೆ ಬಿಟ್ಟುಹೋಗಿದ್ದ ಸಾಲನ್ನು ಸೇರಿಸಿ, ಎರಡು ಊರಿನ ನಕ್ಷೆಗಳನ್ನೂ ಮತ್ತೆ ಮಾಡಿದ. ಮುಂದಿನ ಪ್ರಶ್ನೆ, ಒಪ್ಪಿಸಿದ್ದರಲ್ಲಿ ತಪ್ಪಿತ್ತೆಂದು ಹೇಳುವುದೋ, ಸುಮ್ಮನೆ ಹೊಸದನ್ನು ಕಳುಹಿಸಿಬಿಡುವುದೋ ಎಂಬುದು. ಸುಮ್ಮನೆ ಕಳುಹಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ನನ್ನನ್ನು ಕೇಳಿದ. ನಾನು ಉತ್ತರ ಹೇಳುವುದಕ್ಕೆ ಮುಂಚೆ ಅಜ್ಜಿಯೇ, "ಹೇಳಿಬಿಡು ಮಗು. ತಪ್ಪು ಒಪ್ಪಿಕೊಂಡವನಿಗೆ ಒಂದು ದಿನ ಬಯ್ಗುಳ, ಮುಚ್ಚಿಟ್ಟವನಿಗೆ ದಿನವೂ" ಎಂದರು.

ಅವನು ಇದ್ದದ್ದನ್ನು ಇದ್ದಹಾಗೆ ಬರೆದು, ಕೊನೆಯಲ್ಲಿ ಪರೀಕ್ಷಕರೊಬ್ಬರು ಬೇಕೆಂಬ ಬೇಡಿಕೆಯನ್ನೂ ಸೇರಿಸಿದ. ಮೊದಲು ಬಂದದ್ದು ಬಯ್ಗುಳವೇ: ಇದನ್ನು ಮುಂಚೆಯೇ ಏಕೆ ನೋಡಲಿಲ್ಲವೆಂದು. ಯಾರು ನೋಡಬೇಕಾಗಿತ್ತೆಂಬುದನ್ನು ಅವರು ಕೇಳಲಿಲ್ಲ. ಕೆಲಸವನ್ನೇ ಬಿಟ್ಟುಬಿಡುತ್ತೇನೆಂದು ಹುಡುಗ ಎರಡು ವಾರ ಕುದಿದ. ಆಮೇಲೆ, ಅವನು ಮತ್ತೆರಡು ಸಲ ಬರೆದ ಮೇಲೆ, ಕಂಪನಿಯ ಬೇರೆ ಶಾಖೆಯ ಹಿರಿಯರೊಬ್ಬರು ವಾರಕ್ಕೆ ಒಂದು ಗಂಟೆ ಇವನ ಕೆಲಸವನ್ನು ನೋಡಬೇಕೆಂದು ಏ‍ರ್ಪಾಡಾಯಿತು. ಆಕೆಗೆ ನಕ್ಷೆಯ ವಿದ್ಯೆ ಬಾರದು, ಆದರೆ "ಇದು ಹೀಗೇಕೆ?" ಎಂದು ಕೇಳುವುದಕ್ಕೆ ಬರುತ್ತದೆ. ಇದಲ್ಲದೆ ನಂಜನಗೂಡಿನಲ್ಲಿ ಇದೇ ಬಗೆಯ ಕೆಲಸವನ್ನು ಬೇರೊಂದು ಕಡೆಗೆ ಮಾಡುತ್ತ ತನ್ನ ಹಾಗೆಯೇ ಒಂಟಿಯಾಗಿರುವ ಒಬ್ಬಳು ಹುಡುಗಿಯ ಪರಿಚಯ ಅವನಿಗಾಗಿದೆ. ಗುಟ್ಟಿನ ವಿಷಯಗಳನ್ನು ಬಿಟ್ಟು, ಲೆಕ್ಕದ ತೊಡಕುಗಳನ್ನು ಶನಿವಾರ ಶನಿವಾರ ಇಬ್ಬರೂ ಫೋನಿನಲ್ಲಿ ಚರ್ಚೆಮಾಡಿಕೊಳ್ಳುತ್ತಾರಂತೆ. ಸಾಲದು, ಆದರೂ ಇಷ್ಟಾಯಿತಲ್ಲ.

ನನಗೆ ಕಾಗದ ಬರೆದ ತಾಯಿಯೇ, ನಿಮ್ಮ ಮಗನ ಕೋಣೆಯ ಬಾಗಿಲನ್ನು ಕೆಲಸದ ಹೊತ್ತಿನಲ್ಲಿ ತಟ್ಟಬೇಡಿರಿ. ಆದರೆ ಸಂಜೆ ಒಂದು ಲೋಟ ಕಾಫಿಯನ್ನು ಹಿಡಿದು ಒಳಕ್ಕೆ ಹೋಗಿ, ಪರದೆಯ ಮೇಲೆ ಏನಿದೆಯೆಂದು ಕೇಳಿರಿ. ತಿಳಿಯದಿದ್ದರೆ ಮತ್ತೆ ಕೇಳಿರಿ. ನಿಮ್ಮ ಊರು ಅಲ್ಲಿ ಕಂಡರೆ, ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿರಿ.